ಗೌಡರ ಸಾಲಿಯ ನೂರಕ್ಕೆ ನೂರು

"ಏ ಶಟ್ಟೀ, ಮೂಗು ಮುರದೀ ನೋಡ ಮತ್ತ! ಎಮ್ಮಿ ಮೈ ತಿಕ್ಕಿದಂಗ ತಿಕ್ಕಾಕ ಹತ್ತೀಯಲ್ಲ, ಅವರು ಯಾರಂತ ತಿಳದೀ?"

ಯಾರೆಂದು ಶಟ್ಟೆವ್ವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಸ್ಟೂಲಿನ ಮೇಲೆ ನಿಂತು, ಎಡಗೈಯಲ್ಲಿ ರಾಮಲಿಂಗಪ್ಪಗೌಡರ ಸಿಮೆಂಟಿನ ಕೊರಳನ್ನು ತಬ್ಬಿಕೊಂಡು, ಬಲಗೈಯಲ್ಲಿ ತೆಂಗಿನ ನಾರು ಹಿಡಿದು ಅವರ ರುಮಾಲಿನ ಮೇಲಿನ ಕಾಗೆಯ ಹಿಕ್ಕೆಯನ್ನು ತಿಕ್ಕುತ್ತಿದ್ದಳು. ಬದುಕಿದ್ದಾಗ ಗೌಡರು ಕೆಳಗಿನ ಓಣಿಯವರನ್ನು ನೆರಳು ತಾಗದಷ್ಟು ದೂರ ನಿಲ್ಲಿಸಿ ಮಾತಾಡಿಸುತ್ತಿದ್ದರು. ಈಗ ಕಿವಿಯ ಸಂದಿಗೆ ಬೆರಳು ಹಾಕಿ ತಿಕ್ಕಿದರೂ ಸುಮ್ಮನಿದ್ದರು. ಸತ್ತ ಮೇಲೆ ಮನುಷ್ಯ ಎಷ್ಟು ಒಳ್ಳೆಯವನಾಗುತ್ತಾನೆ ಎಂದು ಶಟ್ಟೆವ್ವನಿಗೆ ಒಳಗೊಳಗೇ ನಗು ಬಂತು.

"ಹಿಕ್ಕಿ ಒಣಗಿ ಗಟ್ಟಿ ಆಗೈತ್ರಿ ಸರ. ಜಪ್ಪಯ್ಯ ಅಂದ್ರೂ ಬಿಡವಲ್ದು."

"ಬಾಯಿ ಬಾಳ ಆತು ನಿಂದು. ಐತಾರ ಮಂತ್ರಿಗಳು ಬರ್ತಾರ. ಅವರ ಮುಂದ ಹಿಂಗ ಹಲ್ಲ ಕಿಸದೀ ಅಂದ್ರ ಹಲ್ಲ ಉದರಸ್ತೇನಿ. ಸೆರಗ ಎತ್ತಿ ಕಟ್ಟು, ಗೌಡ್ರ ಮಾರಿಗೆ ಬಡದೀತು!"

ಕೆಳಗೆ ನಿಂತು ಮೂಗಿಗೆ ಕರವಸ್ತ್ರ ಹಿಡಿದಿದ್ದವರು ಹೆಡ್‌ಮಾಸ್ತರು ಗಂಗಯ್ಯ ಹಿರೇಮಠ. ಶಟ್ಟೆವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಬೈಸಿಕೊಂಡದ್ದು ಅವಳಿಗೆ ಬೇಸರವೇನಾಗಲಿಲ್ಲ. ಬೈಗಳು ಬೇವಿನ ಮರದ ಗಾಳಿಯಷ್ಟೇ ಅಭ್ಯಾಸವಾಗಿತ್ತು. ಆ ಬೇವಿನ ಮರದ ಟೊಂಗೆಯ ಸಂದಿನಲ್ಲಿಯೇ ಅವಳ ಹಿಡಿಕೆ ಮುರಿದ ಕಪ್ಪು ಇರುತ್ತಿತ್ತು. ಅದಕ್ಕೆ ಮೇಲಿನಿಂದ ಚಹಾ ಸುರಿಯುತ್ತಿದ್ದರು. ಅವಳು ಕುಡಿದು, ತೊಳೆದು, ಮತ್ತೆ ಸಂದಿನಲ್ಲಿಡುತ್ತಿದ್ದಳು. ಇಡೀ ಸಾಲಿಯಲ್ಲಿ ಸ್ವಂತ ಕಪ್ಪು ಇರುವುದು ತನಗೊಬ್ಬಳಿಗೇ ಎಂದು ಒಮ್ಮೆ ಅವಳು ಓಣಿಯಲ್ಲಿ ಜಂಬ ಕೊಚ್ಚಿಕೊಂಡಿದ್ದೂ ಉಂಟು.

ಗೌಡರ ಸಾಲಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ರಜತ ಮಹೋತ್ಸವಕ್ಕೆಂದು ಹಿರೇಮಠ ಸರ್ ಸಾಲಿಯ ಚರಿತ್ರೆಯನ್ನು ಬರೆದು, ದಿನಕ್ಕೊಂದು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದರು. ಶಟ್ಟೆವ್ವನಿಗೆ ಗೊತ್ತಿದ್ದ ಚರಿತ್ರೆ ಬೇರೆ. ಅದನ್ನು ಯಾರೂ ಬರೆದಿರಲಿಲ್ಲ. ಅವಳ ಮಾವ ಭರಮಪ್ಪ ಸಾಯುವ ತನಕ ಚಹಾದಂಗಡಿಯ ಮುಂದೆ ಕುಂತು ಹೇಳುತ್ತಿದ್ದ.

ಸಾಲಿಯಿರುವ ನೆಲವನ್ನು ಭರಮಪ್ಪನ ಅಜ್ಜನ ಕಾಲದಿಂದಲೂ ಅವನ ಮನೆಯವರು ಗೌಡರಿಂದ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಉಳುತ್ತಿದ್ದರು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ. ಉಳುವವನೇ ಒಡೆಯ ಎಂಬ ಕಾಯ್ದೆ ಬಂದಾಗ ಓಣಿಯ ಹುಡುಗರು, "ಸವದತ್ತಿಗೆ ಹೋಗಿ ಅರ್ಜಿ ಹಾಕೋ ಕಾಕಾ, ಹೊಲ ನಿಂದಾಗತೈತಿ" ಎಂದು ಕುಣಿದರು. ಸುದ್ದಿ ಗೌಡರ ಮನೆಗೆ, ವಾಡೆಗೆ ಮುಟ್ಟಿತು. ಗೌಡರು ಭರಮಪ್ಪನನ್ನು ಕರೆಸಿದರು. ಬೈಯಲಿಲ್ಲ, ಹೊಡೆಯಲಿಲ್ಲ.

"ಭರಮ್ಯಾ, ಆ ಹೊಲದಾಗ ಸಾಲಿ ಕಟ್ಟಸ್ತೇನಿ. ಸಾಲಿ ಅಂದ್ರ ಸರಸ್ವತಿ. ಸರಸ್ವತಿ ಮ್ಯಾಲ ದಾವಾ ಹಾಕ್ತೀಯೇನಲೇ? ಹಾಕು. ನಿನ್ನ ವಂಶದಾಗ ಒಬ್ಬರ ನಾಲಿಗಿ ಮ್ಯಾಲೂ ಅಕ್ಷರ ಹತ್ತೂದಿಲ್ಲ."

ಭರಮಪ್ಪ ಅಲ್ಲೇ ಅಡ್ಡ ಬಿದ್ದ. ಗೌಡರು ಕರಗಿ, "ಏಳು, ಏಳು. ನಿನ್ನ ಮನಿ ಹುಡುಗೂರು ಇದಽ ಸಾಲ್ಯಾಗ ಕಲ್ತು ಸಾಹೇಬ್ರ ಆಗ್ತಾರ. ನಾ ಮಾತ ಕೊಡ್ತೇನಿ" ಎಂದರು. ಭರಮಪ್ಪ ಅರ್ಜಿ ಹಾಕಲಿಲ್ಲ. ತಾನೇ ತಲೆಯ ಮೇಲೆ ಕಲ್ಲು ಹೊತ್ತು ತನ್ನ ಹೊಲದಲ್ಲಿ ಬುನಾದಿ ತುಂಬಿದ. ಆಮೇಲೆ ಚಹಾದಂಗಡಿಯಲ್ಲಿ, "ಅರ್ಧಾ ದಾನ ಗೌಡ್ರದು, ಅರ್ಧಾ ನಂದು" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವರು ಸಂತೋಷಕ್ಕೆ ನಗುತ್ತಾರೆಂದುಕೊಂಡು ಅವನೂ ನಗುತ್ತಿದ್ದ.

ಈ ಮನೆತನದ ಗುಣವೇ ಹಾಗೆ. ಮೋಸ ಹೋದದ್ದರಲ್ಲೂ ಒಂದು ಅಭಿಮಾನ. ಗೌಡರು ದೊಡ್ಡ ಮನಸ್ಸು ಮಾಡಿ ಭರಮಪ್ಪನ ಮಗನಿಗೆ ಸಾಲಿಯ ಕಸ ಹೊಡೆಯುವ ಕೆಲಸ ಕೊಟ್ಟರು. ಅವನು ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೆ ಕಸಬರಿಗೆ ಶಟ್ಟೆವ್ವನ ಕೈಗೆ ಬಂತು. ಮಾವನ ಹೊಲವನ್ನು ದಿನಾ ಗುಡಿಸುವ ಭಾಗ್ಯ ಎಷ್ಟು ಮಂದಿ ಸೊಸೆಯರಿಗೆ ಸಿಗುತ್ತದೆ? ಹುಟ್ಟಿದ ಕೂಸಿನ ಹಣೆಯ ಮೇಲೆ ಬರೆದು ಹೋಗುವ ದೇವಿಯ ಹೆಸರು ಅವಳಿಗಿತ್ತು. ಹೆಸರಿಟ್ಟವರು ಬರೆಯುವುದನ್ನು ಮಾತ್ರ ಕಲಿಸಿರಲಿಲ್ಲ.

ಬರೆಯಲು ಬಾರದಿದ್ದರೇನು, ಸಾಲಿಯ ನೂರಕ್ಕೆ ನೂರರಲ್ಲಿ ಅವಳದೂ ಒಂದು ಕೈಯಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗೌಡರ ಸಾಲಿಯ ಒಂದು ಮಗುವೂ ನಪಾಸಾಗುತ್ತಿರಲಿಲ್ಲ. ರಾಮದುರ್ಗ, ಬೈಲಹೊಂಗಲದ ದೊಡ್ಡ ಸಾಲಿಗಳೂ ಬಾಯಿ ಬಿಡುವಂಥ ಫಲಿತಾಂಶ. ಗುಟ್ಟು ಇರುವುದು ಒಂಬತ್ತನೆಯ ಇಯತ್ತೆಯಲ್ಲಿ. ಅಲ್ಲಿ ಮಕ್ಕಳನ್ನು ನಪಾಸು ಮಾಡಿದರೆ ಸಾಲಿಯ ಹೆಸರು ಕೆಡುತ್ತದೆ, ಪಾಸು ಮಾಡಿ ಹತ್ತಕ್ಕೆ ಬಿಟ್ಟರೆ ಫಲಿತಾಂಶ ಕೆಡುತ್ತದೆ. ಆದ್ದರಿಂದ ಏಪ್ರಿಲಿನಲ್ಲಿ ಎಲ್ಲರನ್ನೂ ಪಾಸು ಮಾಡಿ, ಜೂನಿನಲ್ಲಿ ಸಾಲಿ ಶುರುವಾಗುವಾಗ ಕೆಲವರ ತಂದೆತಾಯಿಯನ್ನು ಕರೆಸಿ, "ಸ್ವಂತ ಇಚ್ಛೆಯಿಂದ" ಎಂಬುದರ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಟೀಸಿ ಕೈಗಿಟ್ಟು ಕಳಿಸುತ್ತಿದ್ದರು. ಹಿರೇಮಠ ಸರ್ ಇದಕ್ಕೆ 'ಕೇರುವುದು' ಎನ್ನುತ್ತಿದ್ದರು. ಮೊರದಲ್ಲಿ ಕೇರಿದ ಹಾಗೆ. ಕಾಳು ಒಳಗೆ, ಹೊಟ್ಟು ಹೊರಗೆ.

ಆ ಹೊಟ್ಟಿನ ತಂದೆತಾಯಿಯನ್ನು ಕರೆತರುವವಳು ಶಟ್ಟೆವ್ವ. ಬರಲು ಒಲ್ಲೆನೆಂದವರನ್ನು ಒಪ್ಪಿಸುವುದೂ ಅವಳ ಕೆಲಸ. "ತಂಗೀ, ನಿನ್ನ ಮಗ ಹತ್ತನೇತ್ತೆ ಕುಂತು ಬ್ವಾರ್ಡಿನ ಮ್ಯಾಲೆ ನಪಾಸ ಅಂತ ಹೆಸರ ಬರೋದಕ್ಕಿಂತ ಈಗಽ ಮಾನದಿಂದ ಹೋಗೂದ ಚಲೋ ಅಲ್ಲೇನ?" ಎಂದು ಅವಳು ಹೇಳಿದರೆ ತಾಯಂದಿರು ಮೂಗು ಒರೆಸಿಕೊಂಡು ಏಳುತ್ತಿದ್ದರು. ಓಣಿಯಲ್ಲಿ ಅವಳಿಗೆ 'ಟೀಸಿ ಶಟ್ಟೆವ್ವ' ಎಂದೇ ಹೆಸರು ಬಿದ್ದಿತ್ತು. ಬೇರೆಯವರ ಹೆಸರಿನ ಮುಂದೆ ಬಿ.ಎ., ಎಂ.ಎ. ಇರುವ ಹಾಗೆ ತನ್ನ ಹೆಸರಿಗೂ ಒಂದು ಪದವಿ ಬಂತೆಂದು ಆಕೆ ಅದನ್ನೂ ನಕ್ಕು ಹಾಕಿಕೊಂಡಿದ್ದಳು.

ಗೌಡರ ಮುಖ ಬೆಳ್ಳಗಾದ ಮೇಲೆ ಹಿರೇಮಠ ಸರ್ ಅವಳನ್ನು ಆಫೀಸಿನ ಬಾಗಿಲಿಗೆ ಕರೆದರು. ಹೊಸ್ತಿಲ ಹೊರಗೆ ಅವಳ ಜಾಗ.

"ಈ ವರ್ಷ ನಾಕ ಮಂದಿನ್ನ ಕೇರಬೇಕಾಗೈತಿ. ಕಿವಿಗೊಟ್ಟ ಕೇಳು. ದೇವಕ್ಕನ ಮಗ ಅಪ್ಪು. ಮುದಕವ್ವನ ಮೊಮ್ಮಗ. ತುದಿ ಮನಿ ರಾಮವ್ವನ ಮಗಳು. ಮತ್ತ ಉಮಾಶ್ರೀ. ನಾಕೂ ನಿಮ್ಮ ಓಣೀವು. ನಾಕೂ ಮನಿಗೆ ಹೋಗಿ ತಾಯಂದ್ರನ್ನ ಕರಕೊಂಡ ಬಾ."

"ಹೂಂರಿ ಸರ. ಕರಕೊಂಡ ಬರತೇನಿ."

ಇಷ್ಟು ವರ್ಷಗಳಿಂದ ಆಡಿ ಆಡಿ ಸವೆದ ಮಾತು, ಬಾಯಿ ತಾನೇ ಆಡಿಬಿಟ್ಟಿತು. ತಿರುಗಿ ಬೇವಿನ ಮರದ ತನಕ ಬಂದಳು. ದೇವಕ್ಕನ ಮನೆಗೆ ಹೇಗೆ ಹೋಗುವುದು, ಅವಳ ಬಾಯಿ ದೊಡ್ಡದು, ಮೊದಲು ರಾಮವ್ವನ ಮನೆಗೆ ಹೋದರಾಯಿತು, ಕಡೆಗೆ ಉಮಾಶ್ರೀಯ ಮನೆ ಎಂದು ದಾರಿ ಹಾಕಿಕೊಂಡಳು. ಉಮಾಶ್ರೀಯ ತಾಯಿ ಹೆಂಥಾಕಿ, ಅಳುವಾಕಿಯೋ ಜಗಳಾಡುವಾಕಿಯೋ ಎಂದು ಯೋಚಿಸಿದಾಗ ಮಾತ್ರ ಅವಳ ಕಾಲು ನಿಂತವು.

ಉಮಾಶ್ರೀಯ ತಾಯಿ ಅವಳೇ.

ತನ್ನನ್ನು ಕರೆತರಲು ತಾನೇ ಹೊರಟಿದ್ದಳು. ಶಟ್ಟೆವ್ವನಿಗೆ ಮೊದಲು ಬಂದದ್ದು ಅಳುವಲ್ಲ, ನಾಚಿಕೆ. ಮರದ ಮೇಲಿನ ಕಾಗೆಯೂ ನೋಡಿತೇನೋ ಎಂಬಂಥ ನಾಚಿಕೆ. ಮತ್ತೆ ಹೊಸ್ತಿಲಿಗೆ ಹೋಗಿ ನಿಂತಳು.

"ಸರ್ರ... ಉಮಾಶ್ರೀ ಅವ್ವ ನಾನಽ ಅಲ್ಲೇನ್ರಿ?"

ಹಿರೇಮಠ ಸರ್ ಕನ್ನಡಕ ತೆಗೆದು ನೋಡಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಒಳಗಿನ ಕಾರಕೂನನನ್ನು ಕರೆದು, "ಏ, ಕೇಳ ಇಲ್ಲೆ! ಶಟ್ಟಿ ತನ್ನ ಮನಿಗೆ ತಾನಽ ಕರಿಯಾಕ ಹೊಂಟಿದ್ಲು!" ಎಂದರು. ಕಾರಕೂನನೂ ನಕ್ಕ. ಶಟ್ಟೆವ್ವನೂ ನಕ್ಕಳು. ಎಲ್ಲರೂ ನಗುವಾಗ ಒಬ್ಬಳೇ ಸುಮ್ಮನಿರುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಆಕಿ ಶಾಣ್ಯಾ ಅದಾಳ್ರಿ ಸರ. ಪೇಪರ ಓದಿದ್ರ ಓಣಿ ಮಂದಿ ಕುಂತ ಕೇಳತೈತಿ."

"ಪೇಪರ ಓದಿ ಪಾಸ ಆಗಾಕ ಬರ್ತೈತೇನ? ಗಣಿತದಾಗ ಢಬ್ಬ ಬಿದ್ದಾಳ. ನಿನ್ನ ಮಗಳಂತ ಬಿಟ್ರ ನಾಳಿ ಎಲ್ಲಾರೂ ಬಂದು ಎದಿ ಮ್ಯಾಲ ಕುಂಡರ್ತಾರ. ಕಾಯ್ದೆ ಅಂದ್ರ ಎಲ್ಲಾರಿಗೂ ಒಂದಽ. ಮುಂದಿನ ವರ್ಷಾನೂ ನೂರಕ್ಕ ನೂರು ಬಂದ್ರ ಊರಿಗೆ ಕಾಲೇಜ ಕೊಡ್ತೇನಿ ಅಂದಾರ ಮಂತ್ರಿಗಳು. ನಿನ್ನ ಮಗಳ ಸಲವಾಗಿ ಊರಿನ ಕಾಲೇಜ ಹೋಗಬೇಕೇನ?"

ಶಟ್ಟೆವ್ವ ತಲೆ ಅಲ್ಲಾಡಿಸಿದಳು. ಊರಿನ ಕಾಲೇಜು ತನ್ನಿಂದ ಹೋಗುವುದು ಆಕೆಗೂ ಬೇಡವಾಗಿತ್ತು.

"ಐತಾರ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಮಂತ್ರಿಗಳ ಮುಂದ ಹೆಂಗಸೂರು ಬೋರ್ಯಾಡಿ ಅತ್ತರಂದ್ರ ನಮ್ಮ ಮಾನ ಹೋಗತೈತಿ. ಸೋಮಾರ ಮುಂಜಾನೆ ನಾಕೂ ಹೆಬ್ಬಟ್ಟು ಇಲ್ಲಿರಬೇಕು. ಮತ್ತ ಕೇಳು, ನಿನಗ ಸ್ಟೇಜಿನ ಮ್ಯಾಲೆ ಸತ್ಕಾರ ಐತಿ. ಸೀರಿ, ಶಾಲು. ಮಾರಿಗೀರಿ ತೊಳಕೊಂಡ ಬಾ. ಈಗ ವಾಡೆಕ್ಕ ಹೋಗಿ ಜಮಖಾನಿ ತಗೊಂಡ ಬಾ, ನಡಿ."

ವಾಡೆಯ ದಾರಿ ಹಿಡಿದವಳ ಎದೆಯಲ್ಲಿ ಕಲ್ಲು ಕುಂತಂತಾಗಿತ್ತು. ಆದರೂ ಆ ಕಲ್ಲಿನ ಪಕ್ಕದಲ್ಲೇ, ಸೀರೆ ಯಾವ ಬಣ್ಣದ್ದಿರಬಹುದು ಎಂಬ ಯೋಚನೆಯೂ ಕುಂತಿತ್ತು. ಅದನ್ನು ಎಬ್ಬಿಸಲು ನೋಡಿದಳು, ಏಳಲಿಲ್ಲ. ಥೂ ನಿನ್ನ ಜನ್ಮಕ್ಕಿಷ್ಟು, ಎಂದು ದಾರಿಯ ನಡುವೆ ತನಗೆ ತಾನೇ ಉಗುಳಿಕೊಂಡಳು.

ಬಣ್ಣ ಗೊತ್ತಾಗಲು ತಡವಾಗಲಿಲ್ಲ. ಗೌಡರ ಮಗ ಸಣ್ಣ ಗೌಡರ ಹೆಂಡತಿ ರಾಜೇಶ್ವರಿ ತೂಗುಮಂಚದ ಮೇಲೆ ಕುಂತು ಸೀರೆ ಮಡಿಚುತ್ತಿದ್ದಳು. ಕೆಟ್ಟ ಹೆಂಗಸಲ್ಲ. ಮಾತಿಗೆ ಹಸಿದವಳು, ಯಾರು ಬಂದರೂ ಮಾತಾಡಿಸುವವಳು.

"ಬಾ ಶಟ್ಟವ್ವ. ಅಲ್ಲೇ ಕಟ್ಟಿ ಕೆಳಗ ನಿಂದರು, ಈಗಷ್ಟ ಸಾರಿಸ್ಯಾರ. ನಿನಗೇನ ಸತ್ಕಾರಂತಲ್ಲ! ಇದಽ ನೋಡ ಸೀರಿ. ನಂದಽ. ಎರಡ ಸಲ ಉಟ್ಟದ್ದು, ಇಸ್ತ್ರಿ ಹೊಡದ್ರ ಹೊಸಾದ ಆಕ್ಕೈತಿ. ತಿಳಿ ಬಣ್ಣ, ಗಂಡ ಇಲ್ಲದಾಕಿಗೆ ನಡೀತೈತಿ. ಸೆರಗಿನ್ಯಾಗ ಒಂಚೂರು ಸಾರು ಚೆಲ್ಲೈತಿ, ಒಳಗ ಮಡಚಿ ಉಟಗೋ."

"ನೀವು ಉಟ್ಟಿದ್ದಂದ್ರ ನನಗ ಹೊಸಾದ್ದಕ್ಕಿಂತ ಹೆಚ್ಚರಿ ಅವ್ವಾರ."

ಹೇಳಿದ ಮೇಲೆ ತನ್ನ ಮಾತು ತನಗೇ ಬೆಲ್ಲದ ಮೇಲಿನ ನೊಣದಂತೆ ಕಂಡಿತು. ಒಳಗಿನ ಕೋಣೆಯಿಂದ ಟೀವಿಯ ಸದ್ದು, ಕ್ರಿಕೆಟ್ಟು ನೋಡುತ್ತಿದ್ದ ಹುಡುಗನ ಕೇಕೆ. ರಾಜೇಶ್ವರಿ ಆ ಕಡೆ ಮುಖ ಮಾಡಿ, "ಸಂಜೂ, ಬಂದ್ ಮಾಡೋ! ಸರ್ ಬರೂ ಹೊತ್ತಾತು!" ಎಂದು ಕೂಗಿ, ದನಿ ಇಳಿಸಿದಳು. "ಏನ ಹೇಳ್ಲಿ ಶಟ್ಟವ್ವ, ಒಂಬತ್ತನೇತ್ತೆದಾಗ ಇಂವಗ ಗಣಿತದಾಗ ಸೊನ್ನಿ ಬಂದೈತಿ."

"ಸೊನ್ನೀನ್ರಿ?"

"ಸೊನ್ನಿ ಅಂದ್ರ ಸೊನ್ನಿ. ಕೋಳಿ ತತ್ತಿ ಇಟ್ಟಂಗ. ನಾ ಅಂಜಿಬಿಟ್ಟಿದ್ದೆ. ಹಿರೇಮಠ ಸರಽ ಮನಿಗೆ ಬಂದ್ರು. 'ಹುಡುಗ ಶಾಣ್ಯಾ ಅದಾನ್ರಿ, ಮನಸ ಕೊಡೂದಿಲ್ಲ ಅಷ್ಟ. ಹತ್ತನೇತ್ತೆದಾಗ ಎಲ್ಲಾ ಸಮಾ ಮಾಡೋಣು' ಅಂದ್ರು. ಈಗ ಗಣಿತದ ಸರ್ ದಿನಾ ಸಂಜಿಗೆ ಬರ್ತಾರ."

"ಸಮಾ ಆಗತೈತ್ರಿ ಅವ್ವಾರ. ಕಾಳಜಿ ಮಾಡಬ್ಯಾಡ್ರಿ."

ಶಟ್ಟೆವ್ವ ಜಮಖಾನೆಯ ಸುರುಳಿಯನ್ನು ತಲೆಯ ಮೇಲೆ ಹೊತ್ತು ಹೊರಬಿದ್ದಳು. ಜಮಖಾನೆ ಭಾರವಾಗಿತ್ತು. ಗೌಡರ ಮೊಮ್ಮಗನ ಸೊನ್ನೆಗೆ ಅವನ ತಾಯಿಯನ್ನು ಸಮಾಧಾನ ಮಾಡಿ ಬಂದೆನಲ್ಲ, ಆ ಕೆಲಸವನ್ನೂ ಬಿಡಲಿಲ್ಲವಲ್ಲ ಎಂದು ಅವಳು ನಗಲು ನೋಡಿದಳು. ಈ ಸಲ ನಗು ಅರ್ಧಕ್ಕೇ ನಿಂತಿತು.

ಜಮಖಾನೆಯನ್ನು ಸಾಲಿಗೆ ಮುಟ್ಟಿಸಿ ಮನೆಗೆ ಬಂದಾಗ ಉಮಾಶ್ರೀ ನೆಲದ ಮೇಲೆ ಕುಂತು ಹತ್ತನೇ ಇಯತ್ತೆಯ ಹಳೆಯ ಪುಸ್ತಕಗಳಿಗೆ ಪೇಪರಿನ ಹೊದಿಕೆ ಹಾಕುತ್ತಿದ್ದಳು. ಮೇಲಿನ ಓಣಿಯ ಹುಡುಗಿಯೊಬ್ಬಳು ಪಾಸಾದ ಮೇಲೆ ಕೊಟ್ಟ ಪುಸ್ತಕಗಳು. ಅಂಟಿಗೆ ಅನ್ನದ ಗಂಜಿ. ಹೊದಿಕೆಯ ಮೇಲೆ ಸಿನೆಮಾದವರ ಮುಖ ಬರದ ಹಾಗೆ, ಬರೀ ಅಕ್ಷರ ಬರುವ ಹಾಗೆ ಮಡಚುತ್ತಿದ್ದಳು.

ಇಡೀ ದಿನದ ಸಿಟ್ಟು ಅಲ್ಲಿಗೆ ಹೋಗಿ ಬಿತ್ತು. ಬೀಳಲು ಅದಕ್ಕೆ ಬೇರೆ ಜಾಗವೇ ಗೊತ್ತಿರಲಿಲ್ಲ. ಶಟ್ಟೆವ್ವ ಮಗಳ ಬೆನ್ನಿಗೊಂದು ಗುದ್ದಿದಳು.

"ಏನ ನಾಟಕ ಹಚ್ಚೀಯ? ಗಣಿತದಾಗ ಢಬ್ಬ ಬಿದ್ದೀಯಂತ! ತಲಿಯಾಗೇನ ಸಗಣಿ ಐತೇನ?"

ಉಮಾಶ್ರೀ ಅಳಲಿಲ್ಲ. ಅಂಟಿನ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು.

"ಗಣಿತ ನಾ ಯಾವಾಗ ಕಲೀಲಿ ಯವ್ವ? ಎರಡನೇ ತಾಸಿಗೆ ಇರತೈತಿ. ಆ ತಾಸಿಗೇ ನನ್ನ ಹೊರಗ ಕಳಸ್ತಾರ."

"ಎಲ್ಲಿಗೆ?"

"ಎಲ್ಲಿಗಂದ್ರ? ಗಿಡಕ್ಕ ನೀರ ಹಾಕಾಕ. ಸಂಡಾಸ ತೊಳಿಯಾಕ. ಗಣಿತದ ಸರ್ ಗಾಡಿ ಒರಸಾಕ. 'ಶಟ್ಟಿ ಮಗಳ, ಏಳು, ಗಣಿತ ನಿಮಗೆಲ್ಲಿ ಹತ್ತೀತು' ಅಂತಾರ. ರಾಮವ್ವನ ಮಗಳೂ ಬರ್ತಾಳ. ಅಪ್ಪು ನೀರ ಜಗ್ಗಿ ಕೊಡ್ತಾನ. ನಾವು ಕೈ ತೊಳಕೊಂಡ ಬರೂದ್ರಾಗ ಹಲಗಿ ಒರಸಿರ್ತಾರ."

"ನನ್ನ ಮುಂದ ಯಾಕ ಹೇಳಲಿಲ್ಲ?"

"ನೀನಽ ಅಲ್ಲೇನ ಅಂದಾಕಿ? 'ಸರಗೋಳು ಹೇಳಿದ ಕೆಲಸ ಮಾಡು, ಎದುರ ಮಾತಾಡಬ್ಯಾಡ' ಅಂತ."

ಹೌದು, ಅಂದಿದ್ದಳು. ಅಷ್ಟೇ ಅಲ್ಲ. ಕಸ ಹೊಡೆಯುತ್ತ ದೂರದಿಂದ ಮಗಳು ಗುಲಾಬಿ ಗಿಡಕ್ಕೆ ನೀರು ಹಾಕುವುದನ್ನು ಎಷ್ಟು ಸಲ ನೋಡಿದ್ದಳು! ನೂರಾರು ಮಕ್ಕಳಿರುವಾಗ ಸರಗಳು ತನ್ನ ಮಗಳನ್ನೇ ಕರೆಯುತ್ತಾರಲ್ಲ, ಎಷ್ಟು ಜೀವ ಅವರಿಗೆ ಎಂದು ಕಸಬರಿಗೆ ನಿಲ್ಲಿಸಿ ಕಣ್ಣು ತುಂಬಿಕೊಂಡಿದ್ದಳು.

"ಯಾಕ ಕೇಳಾಕ ಹತ್ತೀದಿ? ಸರ್ ಏನರ ಅಂದ್ರೇನು?"

"ಏನಿಲ್ಲ. ಸುಮ್ಕ ಕೇಳ್ದೆ."

"ಹತ್ತನೇತ್ತೆಗೆ ಗಣಿತಕ್ಕ ಬ್ಯಾರೆ ಸರ್ ಬರ್ತಾರಂತ. ನಾ ಮುಂದಿನ ಬಾಂಕಿನ ಮ್ಯಾಲೆ ಕುಂಡರತೇನಿ ಯವ್ವ. ಎಬ್ಬಿಸಿದ್ರೂ ಏಳೂದಿಲ್ಲ."

ಮಗಳು ಮತ್ತೆ ಗಂಜಿಯಲ್ಲಿ ಬೆರಳದ್ದಿದಳು. ಶಟ್ಟೆವ್ವ ಒಲೆಯ ಮುಂದೆ ಕುಂತು, ಒಲೆ ಹೊತ್ತಿಸುವುದನ್ನೇ ಮರೆತಳು.

ಮರುದಿನ ಬೋರಿನ ಮುಂದೆ ಕೊಡ ಹಚ್ಚಿದಾಗ ದೇವಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬಂದ್ಲು ನೋಡ್ರಬೇ, ಯಮನ ವಾಲಿಕಾರ್ತಿ! ಜೂನ್ ಬಂತಂದ್ರ ನಮಗ ಮಳಿಗಿಂತ ಮೊದಲ ಇಕಿ ಬರತಾಳ. ಏನಬೇ ಟೀಸಿ, ಈ ವರ್ಷ ಯಾರ ಕೂಸಿನ ಕುತಗಿ ಹಿಚಕತೀದಿ? ನನ್ನ ಅಪ್ಪೂನ ಹೆಸರ ಎತ್ತಿದ್ರ ನಿನ್ನ ಬಾಯಾಗ ಮಣ್ಣ ಹಾಕ್ತೇನಿ ನೋಡ, ಹೇಳೇನಿ!"

ಹೆಂಗಸರು ನಕ್ಕರು. ಬೇರೆ ವರ್ಷವಾಗಿದ್ದರೆ ಶಟ್ಟೆವ್ವ ತಿರುಗಿ ಎರಡು ಮಾತು ಕೊಡುತ್ತಿದ್ದಳು. ಈ ಸಲ, "ಕೊಡ ತುಂಬೇತಿ, ಎತ್ತಗೋ" ಎಂದಷ್ಟೇ ಅಂದಳು. ದೇವಕ್ಕನಿಗೆ ಅದರಿಂದ ಇನ್ನೂ ಹೆಚ್ಚು ಭಯವಾಯಿತು.

ಭಾನುವಾರ ಪೆಂಡಾಲು ತುಂಬಿತ್ತು. ಶಟ್ಟೆವ್ವ ತಿಳಿ ಬಣ್ಣದ ಸೀರೆಯ ಸೆರಗನ್ನು ಒಳಗೆ ಮಡಚಿ ಉಟ್ಟು, ಸ್ಟೇಜಿನ ಹಿಂದೆ ನೀರಿನ ಬ್ಯಾರಲಿನ ಪಕ್ಕ ನಿಂತಿದ್ದಳು. ನೀರು ಕೊಡಲು ಬೇರೆ ಹುಡುಗರಿದ್ದರು. ಅವಳು ಬ್ಯಾರಲು ತುಂಬುವ ತನಕ ಮಾತ್ರ. ಹಿರೇಮಠ ಸರ್ ಚರಿತ್ರೆ ಓದಿದರು.

"ಬಂಜರು ಬಿದ್ದು, ಮುಳ್ಳುಕಂಟಿ ಬೆಳೆದಿದ್ದ ಭೂಮಿಯದು. ದಾನಶೂರ ರಾಮಲಿಂಗಪ್ಪಗೌಡರ ಪಾದಸ್ಪರ್ಶದಿಂದ ಅಲ್ಲಿ ಅಕ್ಷರದ ಬೆಳೆ ಬಂದಿತು..."

ಬಂಜರು ಎಂದಾಗ ಶಟ್ಟೆವ್ವನ ಕೈ ಚಪ್ಪಾಳೆಗೆ ಎದ್ದವು, ಎಲ್ಲರದೂ ಎದ್ದಂತೆ. ಹೊಡೆದೂ ಬಿಟ್ಟವು. ಮಾವ ಬದುಕಿದ್ದರೆ ಅವನೂ ಹೊಡೆಯುತ್ತಿದ್ದ. ತಾನು ಬೆಳೆದ ಬಿಳಿಜೋಳದ ರೊಟ್ಟಿ ತಿಂದವರೇ ಮುಳ್ಳುಕಂಟಿ ಎನ್ನುವಾಗ, ತನಗೆ ನೆನಪು ತಪ್ಪಿರಬೇಕೆಂದು ತಿಳಿಯುವ ಮನುಷ್ಯ ಅವನು.

"ನಮ್ಮ ಶಾಲೆಯ ವೈಶಿಷ್ಟ್ಯವೆಂದರೆ, ಪ್ರತಿಯೊಂದು ಮಗುವಿನ ಮೇಲೂ ವೈಯಕ್ತಿಕ ಲಕ್ಷ್ಯ. ಯಾರ ಶಕ್ತಿ ಯಾವುದರಲ್ಲಿದೆ ಎಂದು ಗುರುತಿಸಿ, ಅವರವರಿಗೆ ತಕ್ಕ ದಾರಿ ತೋರಿಸುವುದೇ ನಮ್ಮ ಧೋರಣೆ. ಆದ್ದರಿಂದಲೇ ನೂರಕ್ಕೆ ನೂರು!"

ಮತ್ತೆ ಚಪ್ಪಾಳೆ. ಈ ಸಲ ಶಟ್ಟೆವ್ವನ ಒಂದು ಕೈ ಇನ್ನೊಂದನ್ನು ಹಿಡಿದುಕೊಂಡಿತು.

ಸತ್ಕಾರಕ್ಕೆ ಅವಳ ಹೆಸರು ಕೂಗಿದರು. 'ಸಂಸ್ಥೆಯ ಮೌನ ಸೇವಕಿ' ಎಂದರು. ಸಣ್ಣ ಗೌಡರು ಶಾಲನ್ನು ಅವಳ ಚಾಚಿದ ಅಂಗೈ ಮೇಲೆ ಒಂದು ಗೇಣು ಎತ್ತರದಿಂದ ಬಿಟ್ಟರು. ಹೊದಿಸುವ ಫೋಟೋ ಬೇಕೆಂದು ಫೋಟೋದವನು ಗೋಗರೆದ. ಹಿರೇಮಠ ಸರ್ ಪಿಸುದನಿಯಲ್ಲಿ, "ನೀನಽ ಹೊತಗೋ, ಲಗೂನ" ಎಂದರು. ಅವಳು ತನ್ನ ಹೆಗಲಿಗೆ ತಾನೇ ಶಾಲು ಹೊದ್ದುಕೊಂಡಳು. ಸಣ್ಣ ಗೌಡರು ಹೊದಿಸಿದವರಂತೆ ಪಕ್ಕದಲ್ಲಿ ಕೈಯೆತ್ತಿ ನಿಂತರು.

ಮಂತ್ರಿಗಳಿಗೆ ಈ ದೃಶ್ಯ ಮನಸ್ಸಿಗೆ ಬಂತು. ಮೈಕನ್ನು ಅವಳ ಕಡೆ ತಿರುಗಿಸಿ, "ನಿನ್ನ ಮಕ್ಕಳು ಎಲ್ಲಿ ಕಲೀತಾವು ತಾಯಿ?" ಎಂದು ಕೇಳಿದರು.

"ಒಬ್ಬಾಕಿ ಮಗಳು ರೀ. ಇದಽ ಸಾಲ್ಯಾಗ."

"ಎಷ್ಟನೇತ್ತೆ?"

ಹಿರೇಮಠ ಸರ್ ಒಂದು ಹೆಜ್ಜೆ ಮುಂದೆ ಬಂದರು. ಶಟ್ಟೆವ್ವನಿಗೆ ಹುಡುಗಿಯರ ಸಾಲಿನಲ್ಲಿ ಕುಂತ ಉಮಾಶ್ರೀ ಕಂಡಳು. ಕತ್ತು ಉದ್ದ ಮಾಡಿ, ಬಾಯಿ ತೆರೆದು ತಾಯಿಯನ್ನೇ ನೋಡುತ್ತಿದ್ದಳು.

"ಹತ್ತನೇತ್ತೆ ರೀ," ಎಂದಳು ಶಟ್ಟೆವ್ವ. ಅವಳ ದನಿ ಪೆಂಡಾಲಿನ ನಾಲ್ಕೂ ಮೂಲೆಯ ಸ್ಪೀಕರಿನಿಂದ ಬಂದು ಅವಳ ಕಿವಿಗೇ ಬಡಿಯಿತು.

"ಶಾಭಾಸ್! ಅಂದ್ರ ಮುಂದಿನ ವರ್ಷದ ನೂರಕ್ಕ ನೂರಿನ್ಯಾಗ ಈ ತಾಯಿ ಮಗಳೂ ಒಬ್ಬಾಕಿ!"

ಪೆಂಡಾಲು ಚಪ್ಪಾಳೆಯಿಂದ ತುಂಬಿತು. ಎಲ್ಲರಿಗಿಂತ ಜೋರಾಗಿ ಹೊಡೆದವರು ಹಿರೇಮಠ ಸರ್.

ಕಾರುಗಳ ಧೂಳು ಇಳಿದ ಮೇಲೆ ಅವರು ಜಮಖಾನೆ ಸುತ್ತುತ್ತಿದ್ದ ಶಟ್ಟೆವ್ವನ ಹತ್ತಿರ ಬಂದರು. ಸಿಟ್ಟಿರಲಿಲ್ಲ. ಕಾರ್ಯಕ್ರಮ ಸುಸೂತ್ರವಾಗಿ ಮುಗಿದ ಸಮಾಧಾನ ಮುಖದ ಮೇಲಿತ್ತು.

"ಮೈಕಿನ್ಯಾಗ ಚಲೋ ಬಿಟ್ಟೀ ನೋಡ! ಇರಲಿ. ಮಂತ್ರಿಗಳಿಗೆ ಮುಂದಿನ ಊರು ಬರೂದ್ರಾಗ ಮರತಿರತೈತಿ. ನಾಳಿ ಮುಂಜಾನೆ ನಾಕೂ ಮಂದಿ ಬರಬೇಕು. ನೀ ಮೊದಲ ಒತ್ತು, ಉಳದವ್ರು ನಿನ್ನ ನೋಡಿ ಒತ್ತತಾರ."

"ಅವರು ಬರಲಿಲ್ಲಂದ್ರ, ಸರ?"

"ಬರಲಿಲ್ಲಂದ್ರ? ಹೆಬ್ಬಟ್ಟ ಇಲ್ದ ಟೀಸಿ ಹೆಂಗ ಕೊಡಾಕ ಬರತೈತಿ? ಅದಕಽ ಅಲ್ಲೇನ ನಿನ್ನ ಇಟಗೊಂಡದ್ದು. ನಿಮ್ಮ ಓಣಿ ಹೊಲಸಿನ್ಯಾಗ ನಮಗೆಲ್ಲಿ ಕಾಲಿಡಾಕ ಬರತೈತಿ? ಯಾವ ಕೂಸು ಯಾವ ಗುಡಸಲದ್ದು ಅಂತ ಸೈತ ನಮಗ್ಯಾರಿಗೂ ಗೊತ್ತಿಲ್ಲ."

ಹಿರೇಮಠ ಸರ್ ಇದನ್ನು ಹೊಗಳಿಕೆಯೆಂದೇ ಹೇಳಿದರು. ಶಟ್ಟೆವ್ವ, "ಹೂಂರಿ ಸರ," ಎಂದಳು. ಎಂದಿನ ಹಾಗೆಯೇ ಅಂದಳು.

ಓಣಿಯ ತಿರುವಿನಲ್ಲಿ ದೇವಕ್ಕ ಬಾಗಿಲಿಗೆ ಅಡ್ಡ ಕುಂತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಶಾಲು ಹೊದ್ದವಳನ್ನು ಕಂಡು ನಾಲಿಗೆ ತಡೆಯಲಾಗಲಿಲ್ಲ. ಆದರೆ ದನಿಯಲ್ಲಿ ಮೊನ್ನೆಯ ಜೋರಿರಲಿಲ್ಲ. "ಏನವಾ ಮಂತ್ರೀ ಬೀಗತೀ, ನಾಳಿ ಯಾರ ಮನಿ ಬಾಗಲ ಬಡೀತೀ? ಹೇಳಿಬಿಡು ತಾಯಿ. ಇಡೀ ವಾರ ಕೂಳ ಸೇರವಲ್ದು ನನಗ."

ಶಟ್ಟೆವ್ವ ನಿಂತಳು. ದೇವಕ್ಕನ ಹಿಂದೆ ಹಗ್ಗದ ಮೇಲೆ ಅಪ್ಪುವಿನ ಬಿಳಿ ಅಂಗಿ ಒಣಗುತ್ತಿತ್ತು. ನೀಲಿ ಹೆಚ್ಚಾಗಿ ತೋಳೆಲ್ಲ ಆಕಾಶದ ಬಣ್ಣವಾಗಿತ್ತು.

"ಯಾರದೂ ಇಲ್ಲ. ನಾಳಿ ಸಾಲಿ ಐತಿ. ಅಪ್ಪೂನ ಲಗೂನ ಎಬಸು."

"ನನ್ನ ಮ್ಯಾಲ ಆಣಿ ಮಾಡು."

"ಹೋಗಬೇ, ನಿನ್ನ ಮ್ಯಾಲ ಆಣಿ ಮಾಡಿ ನಾ ಯಾಕ ಪಾಪ ಕಟಗೊಳ್ಳಲಿ."

ಮನೆಯಲ್ಲಿ ಉಮಾಶ್ರೀ ರೊಟ್ಟಿ ಬಡಿಯುತ್ತಿದ್ದಳು. ಮೈಕಿನಲ್ಲಿ ತಾಯಿಯ ದನಿ ಹೇಗೆ ಕೇಳಿತು, ಗೆಳತಿಯರು ಏನೆಂದರು ಎಂದು ಒಂದೇ ಸಮ ಹೇಳುತ್ತಿದ್ದಳು. ಶಟ್ಟೆವ್ವ ಶಾಲು ತೆಗೆದು ಜೋಳದ ಚೀಲದ ಮೇಲೆ ಹಾಕಿ ಒಲೆಯ ಮುಂದೆ ಕುಂತಳು. ಮಗಳ ಮಾತು ಕಿವಿಯ ಮೇಲೆ ಬೀಳುತ್ತಿತ್ತು. ಒಳಗೆ ಬೇರೆಯೇ ಮಾತು ನಡೆದಿತ್ತು.

ನಾಳೆ ಮುಂಜಾನೆ ಕಸ ಹೊಡೆದು ಮುಗಿಸಿ, ಕೈ ಬೀಸಿಕೊಂಡು ಹೊಸ್ತಿಲ ಮುಂದೆ ಹೋಗಿ ನಿಲ್ಲಬೇಕು. ದೇವಕ್ಕ ಹೊಲಾ ಹಸನ ಮಾಡಾಕ ಹೋಗ್ಯಾಳ್ರಿ ಸರ. ಮುದಕವ್ವ ಮಗಳ ಮನಿಗೆ ತೊರಗಲ್ಲಿಗೆ ಹೋಗ್ಯಾಳ್ರಿ. ರಾಮವ್ವಗ ಮೈಯಾಗ ಆರಾಮಿಲ್ರಿ. ನಾಡಿದ್ದು ಬೇರೆ ಸುಳ್ಳು, ಆಚೆ ನಾಡಿದ್ದು ಇನ್ನೊಂದು. ಅಷ್ಟರಲ್ಲಿ ನಾಲ್ಕೂ ಮಕ್ಕಳು ಹತ್ತನೆಯ ಇಯತ್ತೆಯ ಬಾಂಕಿನ ಮೇಲೆ ಕುಂತಿರುತ್ತವೆ. ಹಾಜರಿಯಲ್ಲಿ ಹೆಸರು ಕೂಗಿಸಿಕೊಂಡಿರುತ್ತವೆ. ಎಷ್ಟು ದಿನ ನಡೆಯುತ್ತದೋ ಆಕೆಗೆ ಗೊತ್ತಿರಲಿಲ್ಲ. ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಅವತ್ತು ಕಸಬರಿಗೆ ಹೋಗುತ್ತದೆ. ನಾಲ್ಕರಲ್ಲಿ ಒಂದೋ ಎರಡೋ ನಪಾಸೂ ಆದಾವು. ಊರಿನ ಕಾಲೇಜಿಗೆ ಕಲ್ಲು ಹಾಕಿದವಳು ಎಂದು ಬೈಗಳಿಗೆ ಹೊಸ ಹೆಸರೊಂದು ಹುಟ್ಟೀತು. ಟೀಸಿಗಿಂತ ಅದೇನೂ ಕೆಟ್ಟದಾಗಿರಲಾರದು.

ಆದರೆ ನಾಲ್ಕನೆಯ ತಾಯಿಯ ಬಗ್ಗೆ ಏನು ಹೇಳುವುದು? ಎದುರಿಗೇ ನಿಂತಿರುವವಳ ಬಗ್ಗೆ? ಶಟ್ಟೆವ್ವ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅದೂ ಹೊಳೆಯಿತು. ಹಿರೇಮಠ ಸರ್ ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು. ಹೇಳುವಾಗ ನಗಬಾರದು. ಅವರು ನಕ್ಕರೂ ತಾನು ನಗಬಾರದು. ಕಷ್ಟದ ಕೆಲಸ ಅದೊಂದೇ.

ಉಮಾಶ್ರೀ ಅವ್ವನೂ ಮನ್ಯಾಗ ಸಿಗಲಿಲ್ರಿ ಸರ.

"ಏನ ಒಬ್ಬಾಕೀನಽ ತುಟಿ ಅಲುಗಸಾಕ ಹತ್ತೀದಿ ಯವ್ವ?" ಎಂದಳು ಉಮಾಶ್ರೀ.

"ಏನಿಲ್ಲ. ರೊಟ್ಟಿ ಸೀಯಾಕ ಹತ್ತೈತಿ, ತಿರುವ್ಯಾಡು."